ಐ ಗೂಡಿನ ಇದ್ರಿಸ್‌ಗಳು

ನವೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನ ಕೈಯಿಂದ ಒಂದು ಬಿಳಿ ಕಾಗದದ ಚೀಲ ಒಬ್ಬ ಮುದುಕರ ಕೈಗೆ ಹೋಯಿತು. ಅದರೊಳಗಿದ್ದ ಮಾತ್ರೆ ಅವರದಲ್ಲ ಎಂದು ನನಗೆ ತಿಳಿಯಲು ನಾಲ್ಕೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ನಾನು ಎರಡು ಸಲ ಟೀ ಕುಡಿದೆ. ಡಬ್ಬಿಯಲ್ಲಿ ತಂದಿದ್ದ ಅವಲಕ್ಕಿ ತಿಂದೆ. ನೆಗಡಿ ಮಾತ್ರೆಗೆ ಬಂದ ವಿದ್ಯಾರ್ಥಿಯೊಬ್ಬನ ಜೊತೆ ಏನೋ ಮಾತಾಡಿ ಜೋರಾಗಿ ನಕ್ಕೆ. ಆ ನಗುವೇ ಈಗಲೂ ನನ್ನನ್ನು ಹೆಚ್ಚು ಕಾಡುವುದು.

ಇದನ್ನು ಬರೆಯುವಾಗ ಯಾರ ಹೆಸರನ್ನೂ ಹೇಳುವುದಿಲ್ಲ, ನನ್ನದನ್ನೂ ಸೇರಿಸಿ. ಒಂದನ್ನು ಮಾತ್ರ ಹೇಳದೆ ಇರುವಂತಿಲ್ಲ. ಇದ್ರಿಸ್. ವೇಲ್ಸ್ ನಾಡಿನ ಹಳೆಯ ಹೆಸರು. ನಮ್ಮ ಅಂಗಡಿಗೆ ಆ ಹೆಸರಿನವರು ನಾಲ್ವರು ಬರುತ್ತಿದ್ದರು.

ಅಂಗಡಿ ಎಂದರೆ ಔಷಧಿ ಅಂಗಡಿ. ಮ್ಯಾಂಚೆಸ್ಟರಿನ ಫಾಲೋಫೀಲ್ಡಿನಲ್ಲಿ, ಬಸ್ಸುಗಳು ಸಾಲುಗಟ್ಟಿ ಓಡುವ ವಿಲ್ಮ್‌ಸ್ಲೋ ರೋಡಿನಿಂದ ಒಳಕ್ಕೆ ತಿರುಗಿದ ಒಂದು ಬೀದಿಯಲ್ಲಿದೆ. ಗಂಡ ಬೆಳಿಗ್ಗೆ ಬರ್ಚ್‌ವುಡ್‌ನ ಆಫೀಸಿಗೆ ಕಾರು ಹತ್ತಿದ ಮೇಲೆ ನಾನು ನಡೆದು ಅಂಗಡಿಗೆ ಹೋಗುತ್ತೇನೆ. ಅಂಗಡಿಯ ಫಾರ್ಮಸಿಸ್ಟ್ ಧಾರವಾಡದವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ತಂಗಿ ಎನ್ನುತ್ತಾರೆ. ನಾನು ಕುಂದಾಪುರದವಳು. ಸಾಮಾನ್ಯ ದಿನಗಳಲ್ಲಿ ನಾವಿಬ್ಬರೂ ಬೆಂಗಳೂರಿನವರ ಹಾಗೆ ಮಾತಾಡಿಕೊಳ್ಳುತ್ತೇವೆ. ಏನಾದರೂ ಎಡವಟ್ಟಾದರೆ ಮಾತ್ರ ಅಕ್ಕ ಧಾರವಾಡಕ್ಕೆ ಹೋಗುತ್ತಾರೆ, ನಾನು ಕುಂದಾಪುರಕ್ಕೆ. ಅಕ್ಕನ ಬಾಯಲ್ಲಿ ಧಾರವಾಡ ಕೇಳಿಸಿತೆಂದರೆ ನನಗೆ ಅರ್ಧ ಸಂಗತಿ ತಿಳಿದ ಹಾಗೆ.

ಔಷಧಿ ನನಗೆ ಹೊಸದಲ್ಲ. ನನ್ನ ಅಜ್ಜ ಊರಿನ ಡಾಕ್ಟರೊಬ್ಬರ ಬಳಿ ಕಂಪೌಂಡರ್ ಆಗಿದ್ದರು. ಕೆಂಪು ಮಿಕ್ಸ್ಚರ್ ತುಂಬಿದ ಸೀಸೆಗೆ, ಎಷ್ಟೆಷ್ಟು ಕುಡಿಯಬೇಕೆಂದು ಗೊತ್ತಾಗಲು, ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಆ ಪಟ್ಟಿ ಕತ್ತರಿಸಿ ಕೊಡುವ ಕೆಲಸ ನನ್ನದು. ಸೀಸೆಯ ಮೇಲೆ ಅವರು ಎಂದೂ ಹೆಸರು ಬರೆದವರಲ್ಲ. ಇದು ಕೆರೆಬದಿಯವರ ಸೊಸೆಗೆ, ಇದು ದೋಣಿಮನೆಯ ಅತ್ತೆಗೆ, ಇದು ಮಗ್ಗದವರ ಮುದುಕರಿಗೆ. ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಇರಲಿಲ್ಲ. ಒಮ್ಮೆ ಬ್ಯಾಂಕಿನ ಗುಮಾಸ್ತ ಅಜ್ಜಿಯನ್ನು, “ಗಂಡನ ಹೆಸರೇನಮ್ಮ?” ಎಂದು ಕೇಳಿದ. ಅಜ್ಜಿ ನನ್ನ ಪಕ್ಕೆಗೆ ತಿವಿದು, “ನೀ ಹೇಳ್” ಎಂದರು. ಅಜ್ಜನ ಹೆಸರನ್ನು ನಾನಾದರೂ ಹೇಗೆ ಹೇಳಲಿ? ಇಬ್ಬರೂ ಬಾಯಿ ಮುಚ್ಚಿಕೊಂಡು ನಿಂತೆವು. ಗುಮಾಸ್ತ ಕೊನೆಗೆ ಪಾಸ್‌ಬುಕ್ ನೋಡಿ ತಾನೇ ಓದಿಕೊಂಡ.

ಅಜ್ಜಿ ಇನ್ನೊಂದನ್ನೂ ಕಲಿಸಿದ್ದರು. ಕತ್ತಲಾಗುವ ಹೊತ್ತಿನಲ್ಲಿ ಹೊರಗೆ ನಿಂತು ಒಳಗಿದ್ದವರ ಹೆಸರು ಕೂಗಬಾರದು. “ಹೊತ್ತ್ ಕಂತುವತ್ತಿಗೆ ಹೆಸ್ರ್ ಹಿಡ್ದ್ ಕೂಗೂಕಾಗ ಮಗಾ. ಯಾರ್ಯಾರ್ ಕೇಂತ್ರೊ ಎಂತದೊ.” ಹೊರಗಿನಿಂದ ಯಾರಾದರೂ ನಮ್ಮ ಹೆಸರು ಕೂಗಿದರೂ ಮೂರನೆಯ ಕೂಗಿನವರೆಗೆ ಓಗೊಡುವಂತಿರಲಿಲ್ಲ. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ ಎಂಬುದು ಲೆಕ್ಕ.

ಈ ದೇಶಕ್ಕೆ ಬಂದ ಮೇಲೆ ಹೆಸರಿನ ಗೋಳು ಬೇರೆಯದೇ ಆಯಿತು. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಕೊನೆಗೆ ಅಪ್ಪನ ಹೆಸರಿದೆ. ಇಲ್ಲಿಯವರ ಮಟ್ಟಿಗೆ ಕೊನೆಯದೇ ಮನೆತನದ ಹೆಸರು. ಹಾಗಾಗಿ ಜಿಪಿಯ, ಎಂದರೆ ಇಲ್ಲಿಯ ಕುಟುಂಬ ವೈದ್ಯರ, ಬಳಿ ಹೋದರೆ, ಕೌನ್ಸಿಲ್‌ನಿಂದ ಫೋನ್ ಬಂದರೆ, ಎಲ್ಲರೂ ನನ್ನನ್ನು ಮಿಸೆಸ್ ಎಂದು ಸೇರಿಸಿ ತೀರಿಹೋದ ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಮೊದಮೊದಲು ಕರೆದಾಗಲೆಲ್ಲ ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ, ಅಪ್ಪ ಬಂದರೇನೋ ಎಂಬಂತೆ.

ಅಂಗಡಿಯಲ್ಲಿ ತಯಾರಾದ ಚೀಲಗಳನ್ನು ಇಂಗ್ಲಿಷಿನ ಅಕ್ಷರಗಳ ಪ್ರಕಾರ ಗೋಡೆಯ ಗೂಡುಗಳಲ್ಲಿ ಇಡಬೇಕು. ಮನೆತನದ ಹೆಸರಿನ ಮೊದಲ ಅಕ್ಷರ ಯಾವುದೋ ಆ ಗೂಡು. ನನಗೆ ಇದು ರೂಢಿಯಾಗಲೇ ಇಲ್ಲ. ಮನುಷ್ಯನ ಹೆಸರು ಅವನದು, ಉಳಿದದ್ದು ಇನಿಶಿಯಲ್ ಎಂದು ಬೆಳೆದವಳು ನಾನು. ಪರಿಚಯವಿಲ್ಲದವರ ಚೀಲ ಸರಿಯಾದ ಗೂಡಿಗೇ ಹೋಗುತ್ತಿತ್ತು. ಹತ್ತಿರದವರಾದರೆ ಕೈ ತಾನಾಗಿ ಅವರ ಸ್ವಂತ ಹೆಸರಿನ ಗೂಡಿಗೆ ಹೋಗುತ್ತಿತ್ತು.

ಎಲ್ಲರಿಗಿಂತ ಹತ್ತಿರದವರು ಆ ವೇಲ್ಸಿನ ಮೇಷ್ಟ್ರು. ಎಂಬತ್ತು ದಾಟಿದ್ದರು. ಕಲ್ಲುಹಲಗೆ ಕಡಿಯುವ ಬೆಟ್ಟದೂರಿನಿಂದ ಯೌವನದಲ್ಲಿ ಇಲ್ಲಿಗೆ ಬಂದು, ನಲವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಎದೆಬಡಿತ ತಪ್ಪುತ್ತಿದ್ದುದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ನನ್ನನ್ನು ಕಾರಿಯಾದ್ ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ನಮ್ಮ ‘ಮಗಾ’ ಇದ್ದ ಹಾಗೆ. ನಾನು ಅವರನ್ನು ಸರ್ ಎನ್ನುತ್ತಿದ್ದೆ.

“ಸರ್ ಅನ್ನಬೇಡ, ಇದ್ರಿಸ್ ಅನ್ನು.”

“ಆಗುವುದಿಲ್ಲ ಸರ್.”

“ಯಾಕೆ, ನಾಲಿಗೆ ತಿರುಗುವುದಿಲ್ಲವೇ?”

“ನಾಲಿಗೆ ತಿರುಗುತ್ತದೆ. ಅಜ್ಜಿ ಬೈಯುತ್ತಾರೆ.”

“ನಿನ್ನ ಅಜ್ಜಿ ಎಲ್ಲಿದ್ದಾರೆ?”

“ತೀರಿಕೊಂಡು ಹದಿನೈದು ವರ್ಷವಾಯಿತು.”

“ಹಾಗಾದರೆ ಜೋರಾಗಿಯೇ ಬೈದಿರಬೇಕು,” ಎಂದು ನಕ್ಕಿದ್ದರು.

ಗೂಡಿನ ವಿಚಾರ ಹೇಳಿದಾಗ ಅವರಿಗೆ ಖುಷಿಯೋ ಖುಷಿ. ಅವರ ಊರಿನಲ್ಲೂ ಅರ್ಧ ಜನಕ್ಕೆ ಒಂದೇ ಮನೆತನದ ಹೆಸರಂತೆ. ಆದ್ದರಿಂದ ಹಾಲಿನ ಇದ್ರಿಸ್, ಮೇಲುಮನೆ ಇದ್ರಿಸ್, ಅಂಚೆಯ ಇದ್ರಿಸ್ ಎಂದು ಗುರುತಿಸುತ್ತಿದ್ದರಂತೆ. “ನನ್ನನ್ನು ಐ ಗೂಡಿನಲ್ಲೇ ಇಡು, ಕಾರಿಯಾದ್. ಅರವತ್ತು ವರ್ಷದಿಂದ ಈ ಊರು ನನ್ನನ್ನು ನಮ್ಮಪ್ಪನ ಹೆಸರಿನಿಂದ ಕರೆದಿದೆ.” ಇಬ್ಬರದೂ ಒಂದೇ ಸಂಕಟ ಎಂದುಕೊಂಡು ಅವತ್ತೇ ಅವರ ಚೀಲವನ್ನು ಐ ಗೂಡಿಗೆ ವರ್ಗಾಯಿಸಿದೆ. ಅಕ್ಕನಿಗೆ ಹೇಳಲಿಲ್ಲ. ಹೇಳುವಷ್ಟು ದೊಡ್ಡ ಸಂಗತಿ ಅದೆಂದು ನನಗೆ ಅನಿಸಲಿಲ್ಲ.

ತಮ್ಮ ಹೆಸರಿನ ಕತೆಯನ್ನೂ ಅವರೇ ಹೇಳಿದ್ದು. ಅವರ ನಾಡಿನಲ್ಲಿ ಒಂದು ಬೆಟ್ಟ ಆ ಹೆಸರಿನ ದೈತ್ಯನ ಕುರ್ಚಿಯಂತೆ. ಒಂದು ರಾತ್ರಿ ಅಲ್ಲಿ ಮಲಗಿದವನು ಬೆಳಿಗ್ಗೆ ಹುಚ್ಚನಾಗಿ ಇಳಿದು ಬರುತ್ತಾನೆ, ಇಲ್ಲವೇ ಕವಿಯಾಗಿ, ಇಲ್ಲವೇ ಬರುವುದೇ ಇಲ್ಲ.

“ನೀವು ಮಲಗಿದ್ದೀರಾ ಸರ್?”

“ಮಲಗಿದ್ದೆ. ಗಣಿತದ ಮೇಷ್ಟ್ರಾಗಿ ಇಳಿದು ಬಂದೆ. ಮೂರರಲ್ಲಿ ಯಾವುದು ಎಂದು ಹೆಂಡತಿ ಕೊನೆಯವರೆಗೂ ಕೇಳುತ್ತಿದ್ದಳು.”

ಎರಡನೆಯ ಇದ್ರಿಸ್ ಸುಡಾನಿನವರು, ಟ್ಯಾಕ್ಸಿ ಓಡಿಸುತ್ತಾರೆ, ಐವತ್ತರ ಆಸುಪಾಸು. ಅವರಿಗೆ ಆ ಹೆಸರು ತಾತನಿಂದ ಬಂದದ್ದು, ಹೆಸರಿನ ಕೊನೆಯಲ್ಲಿದೆ. ಆದ್ದರಿಂದ ಅವರ ಚೀಲ ನಿಯಮದ ಪ್ರಕಾರವೇ ಐ ಗೂಡಿಗೆ ಹೋಗುತ್ತಿತ್ತು. ಅವರಿಗೆ ಶುಗರ್. ಇದ್ರಿಸ್ ಒಬ್ಬ ಪ್ರವಾದಿಯ ಹೆಸರು ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ವೇಲ್ಸಿನಲ್ಲೂ ಇದೆಯಂತೆ ಎಂದು ನಾನು ಹೇಳಿದಾಗ, “ಒಳ್ಳೆಯ ಹೆಸರನ್ನು ಯಾರು ಬಿಡುತ್ತಾರೆ ಸಿಸ್ಟರ್?” ಎಂದಿದ್ದರು. ಮೂರನೆಯವನು ಎಲೆಕ್ಟ್ರಿಶಿಯನ್, ಮ್ಯಾಂಚೆಸ್ಟರಿನಲ್ಲೇ ಹುಟ್ಟಿದವನು. ಅವನ ಅಮ್ಮ ಮಗುವಿನ ಹೆಸರುಗಳ ಪುಸ್ತಕದಲ್ಲಿ ಕಣ್ಣುಮುಚ್ಚಿ ಬೆರಳಿಟ್ಟಾಗ ಸಿಕ್ಕಿದ್ದಂತೆ. ವೇಲ್ಸನ್ನು ಅವನು ನೋಡಿದ್ದೇ ಇಲ್ಲ. ನಾಲ್ಕನೆಯದು ಜಮೈಕಾ ಮೂಲದ ಅಜ್ಜಿಯೊಬ್ಬಳು ಉಬ್ಬಸದ ಪಂಪಿಗಾಗಿ ಕರೆತರುವ ಪುಟ್ಟ ಮೊಮ್ಮಗು. ಇವರಿಬ್ಬರ ಚೀಲ ಅವರವರ ಮನೆತನದ ಗೂಡಿನಲ್ಲಿರುತ್ತಿತ್ತು. ಐ ಗೂಡಿನಲ್ಲಿ ಒಟ್ಟಿಗೆ ಕುಳಿತದ್ದು ಮೇಷ್ಟ್ರು ಮತ್ತು ಟ್ಯಾಕ್ಸಿಯವರು ಇಬ್ಬರೇ.

ಆ ಶುಕ್ರವಾರ ಮೇಷ್ಟ್ರು ಬಂದಾಗ ಸರದಿಯಲ್ಲಿ ಐದಾರು ಜನ ಇದ್ದರು. ಚೀಲ ಕೊಡುವ ಮುಂಚೆ ಹೆಸರು ಕೇಳಬೇಕು, ವಿಳಾಸವನ್ನು ಅವರ ಬಾಯಿಂದಲೇ ಹೇಳಿಸಬೇಕು, ಚೀಲದ ಮೇಲಿನದಕ್ಕೆ ಹೋಲಿಸಬೇಕು. ಅಂಗಡಿಯ ನಿಯಮ. ಬೇರೆ ಎಲ್ಲರಿಗೂ ಮಾಡುತ್ತಿದ್ದೆ. ಮೂರು ವರ್ಷದಿಂದ ಮನೆಯ ಹಿರಿಯರ ಹಾಗೆ ಮಾತಾಡಿಸುವ ಮನುಷ್ಯನನ್ನು ‘ನೀವು ಯಾರು, ಎಲ್ಲಿರುವುದು’ ಎಂದು ಜನರ ಎದುರು ಕೇಳುವುದಕ್ಕೆ ನನಗೆ ಬಾಯಿ ಬರುತ್ತಿರಲಿಲ್ಲ. ಅವರನ್ನು ನೋಡಿದ ಕೂಡಲೇ ಐ ಗೂಡಿಗೆ ಕೈ ಹಾಕಿದೆ. ಮುಂದಿದ್ದದ್ದು ಸಿಕ್ಕಿತು.

“ಇದೇನು, ಹಗುರವಾಗಿದೆ?” ಎಂದರು.

ಹಿಂದಿನ ವಾರವಷ್ಟೇ ಅವರು ಜಿಪಿಯ ಬಳಿ ಹೋಗಿದ್ದರು, ಒಂದೆರಡು ಮಾತ್ರೆ ಬದಲಾಗಬಹುದು ಎಂದು ಅವರೇ ಹೇಳಿದ್ದರು. “ಡಾಕ್ಟರು ಬದಲಾಯಿಸಿರಬೇಕು ಸರ್,” ಎಂದೆ.

“ಕನ್ನಡಕ ಮನೆಯಲ್ಲೇ ಬಿಟ್ಟೆ. ಹೇಗೆ ತೆಗೆದುಕೊಳ್ಳಬೇಕು, ಓದಿ ಹೇಳು.”

ಚೀಲದಿಂದ ಪೆಟ್ಟಿಗೆ ತೆಗೆದು ಓದಿದೆ. ಲೇಬಲ್ಲಿನಲ್ಲಿ ಹೆಸರೂ ಇತ್ತು, ಹೇಗೆ ತೆಗೆದುಕೊಳ್ಳಬೇಕೆಂಬುದೂ ಇತ್ತು. ಹೆಸರಿನ ಸಾಲಿನಲ್ಲಿ ಇದ್ರಿಸ್ ಎಂಬುದಷ್ಟೇ ಕಣ್ಣಿಗೆ ಬಿತ್ತು. ಹಿರಿಯರ ಹೆಸರಿನ ಮೇಲೆ ಕಣ್ಣು ನಿಲ್ಲಿಸಿ ಓದುವ ರೂಢಿ ನನಗಿಲ್ಲ. ಅದನ್ನು ಹಾರಿಸಿ ಉಳಿದದ್ದನ್ನು ಗಟ್ಟಿಯಾಗಿ, ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. “ದಿನಕ್ಕೊಂದು ಸಲ, ಎರಡು ಮಾತ್ರೆ, ಊಟದ ಜೊತೆಗೆ.”

“ಎರಡು ಮಾತ್ರೆ, ಊಟದ ಜೊತೆಗೆ,” ಎಂದು ಅವರೂ ಒಪ್ಪಿಸಿದರು. ಹೋಗುವ ಮುಂಚೆ ಹ್ಯಾಟು ಎತ್ತಿದರು.

ಮೂರೂವರೆಗೆ ಹೊರಗೆ ಬೆಳಕು ಕಂದುತ್ತಿತ್ತು. ಟ್ಯಾಕ್ಸಿಯವರು ಬಂದರು. ಅವರನ್ನು ಕೇಳಲು ನನಗೆ ಸಂಕೋಚವಿಲ್ಲ. ಹೆಸರು ಕೇಳಿದೆ, ಪೋಸ್ಟ್‌ಕೋಡ್ ಕೇಳಿದೆ, ಗೂಡಿಗೆ ಕೈ ಹಾಕಿದೆ. ಇದ್ದದ್ದು ಒಂದೇ ಚೀಲ, ಭಾರವಾದದ್ದು. ಅದರ ಮೇಲೆ ಮೇಷ್ಟ್ರ ಬೀದಿಯ ಹೆಸರಿತ್ತು.

ಕೈ ಚೀಲದ ಮೇಲೆಯೇ ಉಳಿಯಿತು.

“ಅಕ್ಕಾ, ಇದ್ರಿಸ್ ಅವರ ಚೀಲ...”

“ಅಲ್ಲೇ ಇದೆ ನೋಡು, ಬೆಳಿಗ್ಗೆ ನಾನೇ ಇಟ್ಟಿದ್ದೀನಿ,” ಎಂದರು ಒಳಗಿನಿಂದ.

“ಇಲ್ಲಿ ಮೇಷ್ಟ್ರದ್ದು ಉಂಟು.”

ಅಕ್ಕ ಹೊರಗೆ ಬಂದರು. “ಅವರದ್ಯಾಕ ಐ ಗೂಡಿನ್ಯಾಗ ಬಂತು? ಅವರ ಅಡ್ಡಹೆಸರು ಬ್ಯಾರೆ ಅಕ್ಷರದ್ದಲ್ಲಾ?”

ಧಾರವಾಡ ಬಂದಿತ್ತು.

“ನಾನೇ ಇಟ್ಟದ್ದು.”

“ಮತ್ತ ಇವರದು ಎಲ್ಲಿ ಹೋತು?”

ನಾನು ಮತ್ತೆ ಗೂಡಿನೊಳಗೆ ಕೈ ಹಾಕಿ ತಡಕಿದೆ.

“ಯಾರಿಗೆ ಕೊಟ್ಟಿ? ಲಗೂನ ಹೇಳವಾ, ಯಾರಿಗೆ ಕೊಟ್ಟಿ?”

“ಮೇಷ್ಟ್ರಿಗೆ. ಹನ್ನೊಂದು ಗಂಟೆಗೆ. ಎರಡು ತಗೊಳ್ಳಿ ಅಂತ ನಾನೇ ಓದಿ ಹೇಳಿದ್ದು.”

ನಮ್ಮ ಕನ್ನಡ ತಿಳಿಯದಿದ್ದರೂ ಮೊದಲು ಅರ್ಥ ಮಾಡಿಕೊಂಡವರು ಟ್ಯಾಕ್ಸಿಯವರು. ನಮ್ಮ ಮುಖ ನೋಡಿದರು, ನನ್ನ ಕೈಯಲ್ಲಿದ್ದ ಚೀಲ ನೋಡಿದರು. “ನನ್ನ ಮಾತ್ರೆ ಬೇರೆಯವರಿಗೆ ಹೋಯಿತೇ? ಅವರಿಗೆ ಶುಗರ್ ಇದೆಯೇ?”

“ಇಲ್ಲ.”

“ವಯಸ್ಸು?”

“ಎಂಬತ್ತರ ಮೇಲೆ. ಒಬ್ಬರೇ ಇರುತ್ತಾರೆ.”

ಅವರು ಕೌಂಟರಿನ ಮೇಲೆ ಅಂಗೈ ಊರಿ, ಗೋಡೆಯ ಗಡಿಯಾರ ನೋಡಿದರು. ಶುಗರ್ ಇದ್ದವರಲ್ಲಿ ಅದನ್ನು ಇಳಿಸುವ ಮಾತ್ರೆ, ಇಲ್ಲದ ಮುದುಕರ ಮೈಯಲ್ಲಿ ಇದ್ದಬದ್ದದ್ದನ್ನೂ ಇಳಿಸುತ್ತದೆ. ಮೈ ತಣ್ಣಗಾಗುತ್ತದೆ, ತಲೆ ಕೆಡುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಅಂಥ ನಿದ್ದೆಯಿಂದ ಕೆಲವರು ಏಳುವುದಿಲ್ಲ.

ಅಕ್ಕ ಮೇಷ್ಟ್ರ ಮನೆಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ರಿಂಗಾಗುತ್ತಲೇ ಇತ್ತು. ಆಮೇಲೆ ಒಂದು ಹೆಣ್ಣುದನಿ, ಮೆತ್ತಗೆ, ನಗುಮುಖದ ದನಿ. ‘ನಾವಿಬ್ಬರೂ ಈಗ ಮನೆಯಲ್ಲಿಲ್ಲ.’ ತೀರಿಹೋದ ಹೆಂಡತಿ ಯಾವತ್ತೋ ರೆಕಾರ್ಡ್ ಮಾಡಿಟ್ಟದ್ದು. ಅಕ್ಕ ಮತ್ತೆ ಮಾಡಿದರು. ಮತ್ತೆ ಅದೇ ದನಿ ಅದನ್ನೇ ಹೇಳಿತು.

ಆಂಬ್ಯುಲೆನ್ಸಿಗೆ ಹೇಳಿದ್ದಾಯಿತು. ಕಳಿಸುತ್ತೇವೆ ಎಂದರು, ಎಷ್ಟು ಹೊತ್ತಿಗೆ ಎಂದು ಹೇಳಲಾರೆವು ಎಂದರು. ಫಾರ್ಮಸಿಸ್ಟ್ ಅಂಗಡಿ ಬಿಟ್ಟು ಬರುವಂತಿಲ್ಲ.

“ನನ್ನ ಕಾರು ಹೊರಗೇ ಇದೆ. ಬನ್ನಿ ಸಿಸ್ಟರ್,” ಎಂದರು ಟ್ಯಾಕ್ಸಿಯವರು.

“ಹೋಗವಾ. ಏನಾತು ಅಂತ ಕೂಡ್ಲೇ ಫೋನ್ ಮಾಡು,” ಎಂದರು ಅಕ್ಕ.

ಮೇಷ್ಟ್ರ ಮನೆ ದೂರವೇನಲ್ಲ. ಆದರೆ ವಿಲ್ಮ್‌ಸ್ಲೋ ರೋಡಿನಲ್ಲಿ ಶುಕ್ರವಾರ ಸಂಜೆ. ಮುಂದೆ ಒಂದರ ಹಿಂದೊಂದು ಬಸ್ಸು, ಎಲ್ಲದರ ಹಿಂಭಾಗದಲ್ಲೂ ಕೆಂಪು ದೀಪ. ಒದ್ದೆ ರಸ್ತೆಯ ಮೇಲೂ ಅದೇ ಕೆಂಪು. ಬ್ಯಾಗು ನೇತುಹಾಕಿಕೊಂಡ ಹುಡುಗ ಹುಡುಗಿಯರು ಕಾರುಗಳ ನಡುವೆ ನುಸುಳಿ ನಗುತ್ತ ದಾಟುತ್ತಿದ್ದರು. ಟ್ಯಾಕ್ಸಿಯವರು ಹಾರ್ನ್ ಹೊಡೆಯಲಿಲ್ಲ, ಬೈಯಲಿಲ್ಲ. ರಸ್ತೆ ನೋಡುತ್ತಲೇ ಮಾತಾಡಿದರು.

“ನನಗೆ ಎರಡು ಸಲ ಆಗಿದೆ. ಮೊದಲು ಬೆವರು ಬರುತ್ತದೆ. ಆಮೇಲೆ ಸಿಟ್ಟು. ಯಾರು ಮುಟ್ಟಿದರೂ ಸಿಟ್ಟು. ಆಮೇಲೆ ನಿದ್ದೆ. ನಿದ್ದೆಗೆ ಮುಂಚೆ ಹೋಗಬೇಕು.”

“ಅವರು ತಗೊಳ್ಳದೆಯೂ ಇರಬಹುದಲ್ಲ?”

“ನೀವು ಹೇಳಿದ್ದನ್ನು ಅವರು ಕೇಳುತ್ತಾರೆಯೇ?”

ಕೇಳುತ್ತಾರೆ. ಒಂದಕ್ಷರ ಬಿಡದೆ ಕೇಳುತ್ತಾರೆ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಬೀದಿಯಲ್ಲಿ ಎಲ್ಲ ಮನೆಗಳಲ್ಲೂ ದೀಪ ಹತ್ತಿತ್ತು, ಅವರ ಮನೆಯೊಂದನ್ನು ಬಿಟ್ಟು. ಪರದೆ ಎಳೆದಿರಲಿಲ್ಲ. ಬೆಲ್ ಒತ್ತಿದೆ. ಒಳಗೆ ಗಂಟೆ ಬಡಿದದ್ದು ಹೊರಗೆ ಕೇಳಿಸಿತು, ಅಷ್ಟೇ. ಬಾಗಿಲು ಬಡಿದೆ. ಮೊಣಕಾಲೂರಿ, ಬಾಗಿಲಲ್ಲಿದ್ದ ಅಂಚೆ ಕಾಗದ ಹಾಕುವ ಕಿಂಡಿಯ ಮುಚ್ಚಳ ಎತ್ತಿ ಇಣುಕಿದೆ. ಕತ್ತಲೆಯ ಉದ್ದನೆಯ ಪಡಸಾಲೆ, ಗೂಟದಲ್ಲಿ ಹ್ಯಾಟು. ಆ ತುದಿಯಲ್ಲಿ, ಅಡುಗೆಮನೆಯ ಹೊಸಿಲಾಚೆ, ಕುರ್ಚಿಯ ಒಂದು ಕಾಲು, ಅದರ ಪಕ್ಕದಲ್ಲಿ ಚಪ್ಪಲಿ ಹಾಕಿದ ಒಂದು ಪಾದ. ಪಾದ ಒಂದು ಕಡೆಗೆ ವಾಲಿತ್ತು. ಅಲುಗುತ್ತಿರಲಿಲ್ಲ.

“ಸರ್!” ಎಂದು ಕೂಗಿದೆ. “ಸರ್! ನಾನು, ಅಂಗಡಿಯವಳು!”

ಏನೂ ಇಲ್ಲ.

ಟ್ಯಾಕ್ಸಿಯವರೂ ಬಗ್ಗಿದರು. “ಹೆಸರು ಹಿಡಿದು ಕರೆಯಿರಿ ಸಿಸ್ಟರ್. ಆ ಹೊತ್ತಿನಲ್ಲಿ ಸರ್ ಅಂದರೆ ಯಾರೆಂದು ತಿಳಿಯುವುದಿಲ್ಲ. ಹೆಸರೊಂದೇ ಒಳಗೆ ಹೋಗುವುದು.”

ಬಾಯಿ ತೆರೆದೆ. ಆಗಲಿಲ್ಲ. ಎಂಬತ್ತು ದಾಟಿದ ಹಿರಿಯರು, ಕತ್ತಲಾಗುತ್ತಿರುವ ಹೊತ್ತು, ನಾನು ಹೊರಗೆ, ಅವರು ಒಳಗೆ. ಮಾಡಬಾರದು ಎಂದು ಕಲಿತದ್ದೆಲ್ಲ ಒಂದೇ ಬಾಗಿಲ ಮುಂದೆ ಕೂಡಿ ನಿಂತಿತ್ತು. ನನ್ನ ಸ್ಥಿತಿ ಟ್ಯಾಕ್ಸಿಯವರಿಗೆ ಏನು ಅರ್ಥವಾಯಿತೋ, ಕಿಂಡಿಗೆ ಬಾಯಿ ಹಚ್ಚಿ ಅವರೇ ಕೂಗಿದರು. “ಇದ್ರಿಸ್!” ತಮ್ಮ ಹೆಸರನ್ನು ತಾವೇ, ತಮ್ಮನ್ನೇ ಒಳಗಿನಿಂದ ಹೊರಕ್ಕೆ ಕರೆಯುವ ಹಾಗೆ. ಖಾಲಿ ಪಡಸಾಲೆಯಲ್ಲಿ ಆ ಹೆಸರು ಹೋಗಿ ಗೋಡೆಗೆ ಬಡಿದು ವಾಪಸು ಬಂತು.

“ಇದ್ರಿಸ್!” ಎರಡನೆಯದು.

ಪಾದ ಹಾಗೆಯೇ ಇತ್ತು.

“ನನ್ನ ದನಿ ಅವರಿಗೆ ಗೊತ್ತಿಲ್ಲ. ನೀವು ಕರೆಯಿರಿ.”

ಕಣ್ಣು ಮುಚ್ಚಿಕೊಂಡೆ. ಅಜ್ಜಿಯ ಬಳಿ ಮನಸ್ಸಿನಲ್ಲೇ ತಪ್ಪಾಯಿತು ಎಂದೆ. ಆಮೇಲೆ ಗಂಟಲು ಬಿರಿಯುವ ಹಾಗೆ ಆ ಹಿರಿಯರನ್ನು ಹೆಸರಿನಿಂದ ಕರೆದೆ. “ಇದ್ರಿಸ್!”

ಚಪ್ಪಲಿ ನೆಲಕ್ಕೆ ಉಜ್ಜಿದ ಸದ್ದು. ಆಮೇಲೆ ಒಳಗಿನಿಂದ ಒಂದು ಗರ್ಜನೆ, ನನಗೆ ತಿಳಿಯದ ಭಾಷೆಯಲ್ಲಿ. ಯಾರನ್ನೋ ಬೈಯುತ್ತಿದ್ದರು.

“ಸಿಟ್ಟು!” ಎಂದರು ಟ್ಯಾಕ್ಸಿಯವರು. “ಇನ್ನೂ ನಿದ್ದೆ ಬಂದಿಲ್ಲ. ಬೇರೆ ಬಾಗಿಲಿದೆಯೇ?”

ಆಗ ನೆನಪಾಯಿತು. ಮೇಷ್ಟ್ರು ಒಮ್ಮೆ ತಮಾಷೆಗೆ ಹೇಳಿದ್ದರು, ಮುಂಬಾಗಿಲಿಗೆ ಬೀಗ ಮ್ಯಾಂಚೆಸ್ಟರಿಗಾಗಿ, ಹಿಂಬಾಗಿಲು ತೆರೆದಿರುವುದು ವೇಲ್ಸಿಗಾಗಿ ಎಂದು. ಬೀದಿಯ ಕೊನೆಗೆ ಓಡಿ, ಹಿಂದಿನ ಓಣಿಯಲ್ಲಿ ಕಸದ ಡಬ್ಬಿಗಳನ್ನು ತಳ್ಳಿಕೊಂಡು, ಮನೆ ಎಣಿಸುತ್ತ ಬಂದೆವು. ಹಿಂಬಾಗಿಲು ಕೈ ಇಟ್ಟ ಕೂಡಲೇ ತೆರೆಯಿತು.

ಅವರು ಕುರ್ಚಿಯಲ್ಲಿದ್ದರು. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ಮುಖಕ್ಕೆ ಬಣ್ಣವಿರಲಿಲ್ಲ. ಕಣ್ಣು ತೆರೆದೇ ಇತ್ತು, ನೋಟ ಮಾತ್ರ ನಮ್ಮನ್ನು ದಾಟಿ ಎಲ್ಲಿಗೋ ಹೋಗುತ್ತಿತ್ತು. ಮೇಜಿನ ಮೇಲೆ ಅರ್ಧ ಕುಡಿದ ಸೂಪಿನ ಬಟ್ಟಲು. ಪಕ್ಕದಲ್ಲಿ ಬಿಳಿ ಚೀಲ, ಅಚ್ಚುಕಟ್ಟಾಗಿ ಮಡಿಸಿಟ್ಟದ್ದು. ಮಾತ್ರೆಯ ಹಾಳೆಯಲ್ಲಿ ಎರಡು ಖಾಲಿ ಗುಳಿಗಳು.

ಟ್ಯಾಕ್ಸಿಯವರ ಜೇಬಿನಲ್ಲಿ ಸದಾ ಜೆಲ್ಲಿ ಮಿಠಾಯಿ ಇರುತ್ತದೆ. ಶುಗರ್ ಕುಸಿದರೆ ಇರಲಿ ಎಂದು. ಒಂದನ್ನು ಮೇಷ್ಟ್ರ ತುಟಿಗೆ ಹಿಡಿದರು. ಮೇಷ್ಟ್ರು ಕೈ ಬೀಸಿ ಹೊಡೆದರು. ಅವರು ಆ ಕೈ ಹಿಡಿದುಕೊಂಡು, “ನನ್ನ ಕಾಯಿಲೆ ನಿಮ್ಮ ಮೇಲೆ ಬಂದಿದೆ, ಅಣ್ಣಾ. ತಿನ್ನಿ, ಇಳಿಸೋಣ,” ಎಂದು ತಮ್ಮ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ನಾನು ಡಬ್ಬಿ ಹುಡುಕಿ, ಲೋಟದ ನೀರಿಗೆ ನಾಲ್ಕು ಚಮಚ ಸಕ್ಕರೆ ಕಲಸಿದೆ. ಲೋಟವನ್ನು ಮೇಷ್ಟ್ರ ತುಟಿಗೆ ಹಿಡಿದೆ. ಒಂದು ಗುಟುಕು ಚೆಲ್ಲಿದರು, ಒಂದು ಗುಟುಕು ನುಂಗಿದರು. ಮತ್ತೊಂದು. ಮತ್ತೆ ಮಿಠಾಯಿ.

ಎಷ್ಟು ಹೊತ್ತು ಹಾಗೆ ಕುಡಿಸಿದೆನೋ ಗೊತ್ತಿಲ್ಲ. ಕಿಟಕಿಯಾಚೆ ಪೂರ್ತಿ ಕತ್ತಲಾಗಿತ್ತು. ಮೇಷ್ಟ್ರು ನಿಧಾನವಾಗಿ ನನ್ನ ಮುಖಕ್ಕೆ ನೋಟ ತಂದು, ಇಂಗ್ಲಿಷಿನಲ್ಲಿ ಕೇಳಿದರು.

“ಬೆಳಗಾಯಿತೇ?”

ಬೆಟ್ಟದ ನೆನಪಾಗಿ ನನಗೆ ಅಳು ಬಂತು. “ಇಲ್ಲ ಸರ್. ಶುಕ್ರವಾರ ಸಂಜೆ.”

“ಚಳಿ,” ಎಂದರು. ಮತ್ತೆ ರೆಪ್ಪೆ ಮುಚ್ಚತೊಡಗಿತು.

“ಮಲಗಲು ಬಿಡಬೇಡಿ,” ಎಂದರು ಟ್ಯಾಕ್ಸಿಯವರು. “ಈ ಮಾತ್ರೆ ಒಂದು ಸಲಕ್ಕೆ ಬಿಡುವುದಿಲ್ಲ. ಮತ್ತೆ ಇಳಿಸುತ್ತದೆ.”

ಇಬ್ಬರೂ ಸರದಿಯಂತೆ ಆ ಹೆಸರನ್ನು ಕೂಗುತ್ತ ಕುಳಿತೆವು. ಎಷ್ಟು ಸಲ ಕರೆದೆನೋ, ಕೊನೆಗೆ ಸಂಕೋಚವೂ ಉಳಿದಿರಲಿಲ್ಲ.

ಆಂಬ್ಯುಲೆನ್ಸಿನವರು ಬಂದಾಗ ಒಬ್ಬಾಕೆ ಮೇಜಿನ ಮೇಲಿನ ಪೆಟ್ಟಿಗೆ ಕೈಗೆತ್ತಿಕೊಂಡು ಲೇಬಲ್ ಓದಿ, “ಇದ್ರಿಸ್ ಯಾರು?” ಎಂದಳು.

“ನಾನು,” ಎಂದರು ಇಬ್ಬರೂ.

ಅವಳು ಒಬ್ಬರಿಂದ ಒಬ್ಬರಿಗೆ ನೋಡಿದಳು. ಆಮೇಲೆ ಬರೆದುಕೊಳ್ಳತೊಡಗಿದಳು. “ಹಾಗಾದರೆ ಶುಗರ್‌ಗೆ ಮುಂಚಿನಿಂದಲೂ ಇದೇ ಮಾತ್ರೆಯಾ?” ಎಂದು ಮೇಷ್ಟ್ರನ್ನು ಕೇಳಿದಳು. ಅದೇ ತಪ್ಪು ನನ್ನ ಕಣ್ಣೆದುರೇ ಎರಡನೆಯ ಸಲ ಹುಟ್ಟುತ್ತಿತ್ತು. ನಾನು ಎದ್ದು ನಿಂತು, ಇಬ್ಬರ ಪೂರ್ತಿ ಹೆಸರು, ಇಬ್ಬರ ವಿಳಾಸ, ಯಾರ ಮಾತ್ರೆ ಯಾರು ನುಂಗಿದ್ದು, ಯಾರು ಕೊಟ್ಟದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೊಟ್ಟದ್ದು ನಾನು ಎಂಬ ಮಾತಿಗೆ ಮೇಷ್ಟ್ರು ತಲೆಯೆತ್ತಿ ನನ್ನನ್ನು ನೋಡಿದರು. ಅಷ್ಟು ಹೊತ್ತಿಗೆ ಅವರಿಗೆ ಎಲ್ಲ ತಿಳಿಯುವಷ್ಟು ಎಚ್ಚರ ಬಂದಿತ್ತು.

ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡರು. ಟ್ಯಾಕ್ಸಿಯವರು ಹೇಳಿದ ಹಾಗೆಯೇ ಸಕ್ಕರೆ ಮತ್ತೆ ಮತ್ತೆ ಕುಸಿಯಿತಂತೆ. ಒಬ್ಬರೇ ಮನೆಯಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು ಯಾರೂ ನನಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸೋಮವಾರ ಅಕ್ಕ ನನ್ನ ಮುಂದೆ ಒಂದು ಫಾರ್ಮ್ ಇಟ್ಟರು. “ಬೈಯೂದಿಲ್ಲ ನಾನು. ಆದದ್ದು ಆದಂಗ ಬರಿ.” ತಪ್ಪು ಏಕಾಯಿತು ಎಂಬ ಜಾಗದಲ್ಲಿ ನಾನು ಬರೆದೆ, ಅವರ ಹೆಸರನ್ನು ಅವರ ಎದುರು ಓದಲು ನನಗೆ ಸಂಕೋಚವಾಯಿತು ಎಂದು. ಅಕ್ಕ ಅದನ್ನು ಎರಡು ಸಲ ಓದಿದರು.

“ಇದನ್ನ ಓದಿದವರಿಗೆ ಏನರ ತಿಳೀತೈತೇನು?”

“ಬದಲಾಯಿಸಲಾ?”

“ಬ್ಯಾಡ. ಖರೇ ಐತಲ್ಲ, ಇರ್ಲಿ.” ಆಮೇಲೆ ಗೋಡೆಯ ಕಡೆ ನೋಡದೆಯೇ, “ಆ ಚೀಲ ಎಲ್ಲಿರಬೇಕೋ ಅಲ್ಲಿ ಇಡು,” ಎಂದರು.

ಮೇಷ್ಟ್ರು ಮತ್ತೆ ಅಂಗಡಿಗೆ ಬಂದದ್ದು ಡಿಸೆಂಬರಿನಲ್ಲಿ. ಸೊರಗಿದ್ದರು. ಕೈಗೆ ಕೋಲು ಬಂದಿತ್ತು. ನಾನು ನೆಟ್ಟಗೆ ನಿಂತು, ಸರದಿಯವರೆಲ್ಲರಿಗೂ ಕೇಳುವ ಹಾಗೆ, “ನಿಮ್ಮ ಹೆಸರು?” ಎಂದೆ. ಮುಖ ಸುಡುತ್ತಿತ್ತು.

ಅವರು ಶಾಲೆಯ ಹುಡುಗನ ಹಾಗೆ ಎದೆ ಸೆಟೆದು ಪೂರ್ತಿ ಹೆಸರು ಹೇಳಿದರು. ವಿಳಾಸ ಹೇಳಿದರು. ಕೇಳದಿದ್ದರೂ ಹುಟ್ಟಿದ ದಿನವನ್ನೂ ಹೇಳಿದರು. ನನ್ನ ಕೈ ಐ ಗೂಡನ್ನು ಬಿಟ್ಟು ಅವರ ಮನೆತನದ ಅಕ್ಷರದ ಕಡೆ ಹೋದದ್ದು ಅವರ ಕಣ್ಣಿಗೆ ಬಿತ್ತು.

“ಅಂತೂ ನನ್ನನ್ನು ನಮ್ಮಪ್ಪನ ಪಕ್ಕಕ್ಕೆ ಹಾಕಿದೆಯಲ್ಲ, ಕಾರಿಯಾದ್,” ಎಂದು ನಕ್ಕರು.

ನನಗೆ ನಗಲಾಗಲಿಲ್ಲ. ಚೀಲ ಮುಂದಿಟ್ಟೆ.

ಮೂರು ವರ್ಷದಲ್ಲಿ ಅವರು ಒಮ್ಮೆಯೂ ನನ್ನ ಕೈಯಿಂದ ತೆಗೆದುಕೊಂಡ ಚೀಲವನ್ನು ಅಂಗಡಿಯಲ್ಲಿ ಬಿಚ್ಚಿ ನೋಡಿದವರಲ್ಲ. ಹ್ಯಾಟು ಎತ್ತಿ ಹೋಗಿಬಿಡುತ್ತಿದ್ದರು. ಅವತ್ತು ಜೇಬಿನಿಂದ ಕನ್ನಡಕ ತೆಗೆದರು. ಚೀಲ ಬಿಚ್ಚಿ ಒಂದೊಂದೇ ಪೆಟ್ಟಿಗೆ ಹೊರಗಿಟ್ಟರು. ಹೆಸರಿನ ಮೇಲೆ ಬೆರಳಿಟ್ಟು ಓದಿದರು, ಮಾತ್ರೆಯ ಹೆಸರನ್ನು ತುಟಿ ಅಲುಗಿಸಿ ಓದಿದರು, ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಂಡರು. ಹಿಂದೆ ಸರದಿ ಬೆಳೆಯಿತು, ಯಾರೋ ಕೆಮ್ಮಿದರು. ಅವರು ಆತುರಪಡಲಿಲ್ಲ. ನಾನೂ ಆತುರಪಡಿಸಲಿಲ್ಲ. ಎರಡೂ ಕೈ ಕೌಂಟರಿನ ಮೇಲಿಟ್ಟುಕೊಂಡು, ಅವರು ಕೊನೆಯ ಪೆಟ್ಟಿಗೆಯನ್ನು ಓದಿ ಮುಗಿಸುವವರೆಗೆ ನಿಂತೇ ಇದ್ದೆ.